ಷಟ್ಪದಿಗಳ ನಡಿಗೆ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ನಾಗಮಂಗಲದ ಕಡೆಯ ಕೆಂಪು ನೆಲದ ಕಾಲುದಾರಿಯಲ್ಲಿ ಹೋಗುವವರ ಕಣ್ಣಿಗೆ ಒಂದು ನೋಟ ಬೀಳದೆ ಇರುವುದಿಲ್ಲ. ಕಪ್ಪು ಕವಚದ ಸಗಣಿಹುಳುವೊಂದು ತನಗಿಂತ ದೊಡ್ಡದಾದ ಉಂಡೆಯನ್ನು ಹಿಂಗಾಲುಗಳಿಂದ ತಳ್ಳುತ್ತ, ತಲೆ ಕೆಳಗೆ ಮಾಡಿಕೊಂಡು, ಹಿಮ್ಮುಖವಾಗಿ ಸಾಗುತ್ತಿರುವುದು. ದಾರಿಯಲ್ಲಿ ಕಲ್ಲು ಸಿಕ್ಕಿದರೆ ಹತ್ತುವುದು, ಗುಂಡಿ ಸಿಕ್ಕಿದರೆ ಇಳಿಯುವುದು. ಶ್ರೀರಂಗಪಟ್ಟಣದ ಗದ್ದೆಯ ಬದುಗಳ ಮೇಲೆ ಗೊದ್ದಗಳು ಸಾಲುಗಟ್ಟಿ ಓಡುವುವು. ಪಾಂಡವಪುರದ ಕಬ್ಬಿನ ಗರಿಯ ಮೇಲೆ ಮಿಡತೆ ಒಂದೊಂದೇ ಕಾಲನ್ನು ಎಣಿಸಿ ಇಡುವಂತೆ ಮೆಲ್ಲಗೆ ಏರುವುದು. ಕೃಷ್ಣರಾಜಪೇಟೆಯ ತೆಂಗಿನ ತೋಟದಲ್ಲಿ ಕೊಂಬಿನ ದುಂಬಿ ಕಾಂಡವನ್ನು ಅಪ್ಪಿ ಹತ್ತುವುದು. ನೆಲ ಬೇರೆ, ಹೊರೆ ಬೇರೆ, ವೇಗ ಬೇರೆ. ಆದರೆ ಇವೆಲ್ಲಕ್ಕೂ ಸಮಾನವಾದ ಸಂಗತಿ ಒಂದುಂಟು. ಎಲ್ಲವೂ ಆರು ಕಾಲಿನ ಜೀವಿಗಳು. ಯಾವುದೂ ತನ್ನ ಕಾಲಿಗೆ ತಾನೇ ತೊಡರಿ ಬೀಳುವುದಿಲ್ಲ.

ಎರಡೇ ಕಾಲುಗಳಿರುವ ನಾವು ನಡೆಯಲು ಕಲಿಯುವುದಕ್ಕೆ ಸುಮಾರು ಒಂದು ವರ್ಷ ಹಿಡಿಯುವುದು. ಆ ಒಂದು ವರ್ಷದಲ್ಲಿ ಎಷ್ಟು ಬಾರಿ ಬಿದ್ದೆವೆಂಬುದನ್ನು ನಮ್ಮ ತಾಯಂದಿರೇ ಬಲ್ಲರು. ಕೀಟವಾದರೋ ಮೊಟ್ಟೆಯನ್ನೋ ಕೋಶವನ್ನೋ ಬಿಟ್ಟು ಹೊರಬಂದು, ಕವಚ ಗಟ್ಟಿಯಾದ ಕೂಡಲೆ ನಡೆಯತೊಡಗುವುದು. ಹಾಗಾದರೆ ಆರು ಕಾಲುಗಳಲ್ಲಿ ಯಾವುದನ್ನು ಯಾವಾಗ ಎತ್ತಬೇಕೆಂದು ನಿರ್ಧರಿಸುವವರು ಯಾರು? ಸಾಸಿವೆ ಕಾಳಿಗಿಂತಲೂ ಸಣ್ಣದಾದ ಅದರ ಮಿದುಳೇ? ಕಾಲುಗಳೇ? ಈ ಪ್ರಶ್ನೆ ನೂರು ವರ್ಷಗಳಿಗೂ ಹಿಂದಿನಿಂದ ಜೀವವಿಜ್ಞಾನಿಗಳನ್ನು ಕಾಡುತ್ತ ಬಂದಿದೆ. ಇದಕ್ಕೆ ದೊರೆತ ಉತ್ತರ ನಮ್ಮ ಹೊಲಗಳಿಗೂ ನಮ್ಮ ದೇಹಗಳಿಗೂ ಸಂಬಂಧಿಸಿದುದು ಎಂಬುದನ್ನು ಮುಂದೆ ನೋಡೋಣ.

ಕಾಲಿನ ರಚನೆ

ಕೀಟದ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿರುವುದು ಓದುಗರಿಗೆ ತಿಳಿದೇ ಇದೆ. ಎದೆಯಲ್ಲಿ ಮತ್ತೆ ಮೂರು ಖಂಡಗಳು. ಒಂದೊಂದು ಖಂಡಕ್ಕೂ ಒಂದೊಂದು ಜೊತೆ ಕಾಲು. ಪ್ರತಿಯೊಂದು ಕಾಲಿನಲ್ಲಿಯೂ ಐದು ಭಾಗಗಳಿವೆ: ಎದೆಗೆ ಸೇರಿಕೊಂಡ ಕಾಕ್ಸ, ಅದರ ಪಕ್ಕದ ಕಿರಿದಾದ ಟ್ರೊಕ್ಯಾಂಟರ್, ತೊಡೆಯೆನ್ನಬಹುದಾದ ಫೀಮರ್, ಕಣಕಾಲಿನಂಥ ಟಿಬಿಯ, ಕೊನೆಯಲ್ಲಿ ಹಲವು ಗಣ್ಣುಗಳಿಂದಾದ ಪಾದ, ಎಂದರೆ ಟಾರ್ಸಸ್.

ನಮ್ಮ ಕಾಲಿನಲ್ಲಿ ಎಲುಬು ಒಳಗೆ, ಸ್ನಾಯು ಹೊರಗೆ. ಕೀಟದಲ್ಲಿ ಇದು ತಿರುವುಮುರುವು. ಅದರ ಕಾಲು ಕೈಟಿನ್ ಸೇರಿದ ಗಟ್ಟಿ ಕವಚದ ಕೊಳವೆ. ಸ್ನಾಯುಗಳು ಆ ಕೊಳವೆಯ ಒಳಗಿವೆ. ಆದರೆ ಸ್ನಾಯುವಿನ ಒಂದು ಗುಣ ಎರಡು ಕಡೆಯೂ ಒಂದೇ: ಅದು ಎಳೆಯಬಲ್ಲುದು, ತಳ್ಳಲಾರದು. ಆದುದರಿಂದ ಒಂದು ಕೀಲನ್ನು ಮಡಿಸಲು ಒಂದು ಸ್ನಾಯುವಿದ್ದರೆ ಅದನ್ನು ಚಾಚಲು ಎದುರಾಳಿಯಾದ ಇನ್ನೊಂದು ಸ್ನಾಯು ಬೇಕು. (ಜೇಡದ ಕಾಲಿನ ಕೆಲವು ಮುಖ್ಯ ಕೀಲುಗಳಲ್ಲಿ ಚಾಚುವ ಸ್ನಾಯುವೇ ಇಲ್ಲ; ಅದು ದೇಹದ್ರವದ ಒತ್ತಡದಿಂದ ಕಾಲನ್ನು ಚಾಚುವುದು. ಸತ್ತ ಜೇಡದ ಕಾಲುಗಳು ಒಳಕ್ಕೆ ಮಡಿಸಿಕೊಳ್ಳಲು ಕಾರಣ ಇದೇ. ಜೇಡ ಎಂಟು ಕಾಲಿನ ಪ್ರಾಣಿ, ಕೀಟವಲ್ಲ.) ಇವೆರಡು ಸ್ನಾಯುಗಳೂ ಒಟ್ಟಿಗೆ ಎಳೆದರೆ ಕೀಲು ಬಿಗಿದು ನಿಲ್ಲುವುದಲ್ಲದೆ ಅಲುಗುವುದಿಲ್ಲ. ಒಂದು ಎಳೆಯುವಾಗ ಇನ್ನೊಂದು ಬಿಡಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಥೆಯ ತಿರುಳು ಇಲ್ಲಿಯೇ ಇದೆ.

ಸ್ನಾಯುಗಳನ್ನು ಆಳುವ ನರಕೋಶಗಳ ಮಿತವ್ಯಯವೂ ಆಶ್ಚರ್ಯಕರವಾದುದು. ನಮ್ಮ ಮೀನಖಂಡದ ಒಂದು ಸ್ನಾಯುವಿಗೆ ನೂರಾರು ಚಾಲಕ ನರಕೋಶಗಳು ಸಂಬಂಧಿಸಿವೆ. ಮಿಡತೆಯ ಹಿಂಗಾಲನ್ನು ಚಾಚಿ ಅದನ್ನು ಗಾಳಿಗೆ ಚಿಮ್ಮಿಸುವ ಬಲವಾದ ಸ್ನಾಯುವನ್ನಾದರೋ ಪ್ರಚೋದಿಸುವುವು ಎರಡೇ ನರಕೋಶಗಳು. ಒಂದು ನಿಧಾನವಾದ ಚಲನೆಗೆ, ಇನ್ನೊಂದು ರಭಸದ ಚಲನೆಗೆ. ಇವುಗಳ ಜೊತೆಗೆ ಸ್ನಾಯುವನ್ನು ಸಡಿಲಿಸುವ ನಿರೋಧಕ ನರಕೋಶವೊಂದು ಉಂಟು. ಮನುಷ್ಯನ ಸ್ನಾಯುಗಳಿಗೆ ಹೀಗೆ ನೇರವಾಗಿ ಬಂದು ತಡೆಯುವ ನರವಿಲ್ಲ. ನಮ್ಮಲ್ಲಿ ತಡೆಯ ಕೆಲಸವೆಲ್ಲ ಬೆನ್ನುಹುರಿಯ ಒಳಗೇ ನಡೆಯುವುದು.

ಮುಕ್ಕಾಲಿಯ ನ್ಯಾಯ

ಕನ್ನಡದಲ್ಲಿ ಷಟ್ಪದಿಯೆಂದರೆ ಆರು ಪಾದಗಳ ಪದ್ಯ. ಷಟ್ಪದವೆಂದರೆ ಆರು ಕಾಲಿನ ದುಂಬಿ. ಷಟ್ಪದಿಯ ಆರು ಪಾದಗಳು ಮೂರು ಮೂರರ ಎರಡು ಅರ್ಧಗಳಾಗಿ ನಿಲ್ಲುವುದನ್ನು ತರಗತಿಯಲ್ಲಿ ಪ್ರಸ್ತಾರ ಹಾಕಿದವರೆಲ್ಲ ಬಲ್ಲರು. ವೇಗವಾಗಿ ನಡೆಯುವ ಕೀಟದ ಕಾಲುಗಳದೂ ಇದೇ ವಿಭಾಗ. ಎಡಗಡೆಯ ಮುಂಗಾಲು, ಎಡಗಡೆಯ ಹಿಂಗಾಲು, ಬಲಗಡೆಯ ನಡುಗಾಲು, ಈ ಮೂರು ಒಂದು ತಂಡ. ಬಲಗಡೆಯ ಮುಂಗಾಲು, ಬಲಗಡೆಯ ಹಿಂಗಾಲು, ಎಡಗಡೆಯ ನಡುಗಾಲು, ಈ ಮೂರು ಇನ್ನೊಂದು ತಂಡ. ಒಂದು ತಂಡ ನೆಲವನ್ನು ಊರಿ ದೇಹವನ್ನು ಮುಂದಕ್ಕೆ ನೂಕುವಾಗ ಇನ್ನೊಂದು ತಂಡ ಮೇಲೆದ್ದು ಮುಂದಕ್ಕೆ ಬೀಸುವುದು.

ಮೂರೇ ಏಕೆ? ಮನೆಯಲ್ಲಿ ನಾಲ್ಕು ಕಾಲಿನ ಮಣೆಯೊಂದು ಸಮವಲ್ಲದ ನೆಲದಲ್ಲಿ ಅಲುಗಾಡಬಹುದು, ಮುಕ್ಕಾಲಿ ಅಲುಗಾಡುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುವೆಂಬುದು ರೇಖಾಗಣಿತದ ನಿಯಮ. ಊರಿದ ಮೂರು ಪಾದಗಳನ್ನು ಸೇರಿಸಿದರೆ ಆಗುವ ತ್ರಿಕೋನದೊಳಗೆ ದೇಹದ ಗುರುತ್ವಕೇಂದ್ರ ಬಿದ್ದರೆ ಕೀಟ ಯಾವ ಕ್ಷಣದಲ್ಲಿ ನಿಂತರೂ ಬೀಳುವುದಿಲ್ಲ. ಎರಡು ಕಾಲಿನ ನಮ್ಮ ನಡಿಗೆಯಾದರೋ ಪ್ರತಿ ಹೆಜ್ಜೆಯಲ್ಲಿಯೂ ಬೀಳಲು ತೊಡಗಿ, ಬೀಳುವ ಮೊದಲೇ ತಡೆದುಕೊಳ್ಳುವ ಕಸರತ್ತು.

ಆದರೆ ಎಲ್ಲ ಕೀಟಗಳೂ ಎಲ್ಲ ಸಮಯದಲ್ಲೂ ಹೀಗೆ ಮೂರು ಮೂರಾಗಿ ನಡೆಯುವುವೆಂದು ತಿಳಿಯಬಾರದು. ಕಬ್ಬಿನ ಗರಿಯ ಮೇಲಿನ ಮಿಡತೆ ಒಂದೊಂದೇ ಕಾಲನ್ನು ಎತ್ತುವುದನ್ನು ಮೇಲೆ ಹೇಳಿದೆವಷ್ಟೆ. ಹಾಗಾದರೆ ಕೀಟಕ್ಕೆ ನಿಧಾನ ನಡಿಗೆಗೆ ಒಂದು ಕ್ರಮ, ಓಟಕ್ಕೆ ಬೇರೊಂದು ಕ್ರಮ ಎಂದು ಪ್ರತ್ಯೇಕವಾದ ಪಾಠಗಳಿವೆಯೇ? ಇರಬೇಕಾಗಿಲ್ಲ. ಒಂದು ಸಣ್ಣ ಲೆಕ್ಕದಿಂದ ಇದನ್ನು ತಿಳಿಯಬಹುದು.

ಕಾಲೊಂದರ ಹೆಜ್ಜೆಯಲ್ಲಿ ಎರಡು ಘಟ್ಟಗಳು: ನೆಲವನ್ನು ಊರಿರುವ ಘಟ್ಟ, ಗಾಳಿಯಲ್ಲಿ ಬೀಸುವ ಘಟ್ಟ. ಕೀಟದ ವೇಗ ಹೆಚ್ಚಿದಂತೆ ಊರುವ ಕಾಲ ಬಹಳವಾಗಿ ಕಡಿಮೆಯಾಗುವುದು. ಬೀಸುವ ಕಾಲ ಹೆಚ್ಚು ಬದಲಾಗುವುದಿಲ್ಲ. ಉದಾಹರಣೆಗೆ ಬೀಸುವ ಕಾಲ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗವೆಂದು ಇಟ್ಟುಕೊಳ್ಳೋಣ. ನಿಧಾನವಾಗಿ ನಡೆಯುವಾಗ ಊರುವ ಕಾಲ ೦.೫ ಸೆಕೆಂಡಾದರೆ ಒಂದು ಹೆಜ್ಜೆಗೆ ಒಟ್ಟು ೦.೬ ಸೆಕೆಂಡು, ಅದರಲ್ಲಿ ಆರನೆಯ ಒಂದು ಪಾಲು ಮಾತ್ರ ಕಾಲು ಗಾಳಿಯಲ್ಲಿರುವುದು. ಕಾಲುಗಳು ಆರು, ಆದುದರಿಂದ ಸರಾಸರಿಯಲ್ಲಿ ಯಾವಾಗಲೂ ಒಂದೇ ಕಾಲು ಮೇಲಿರುವುದು. ಊರುವ ಕಾಲ ೦.೨ ಸೆಕೆಂಡಿಗೆ ಇಳಿದರೆ ಎರಡು ಕಾಲು ಮೇಲೆ, ನಾಲ್ಕು ಕೆಳಗೆ. ಅದು ೦.೧ ಸೆಕೆಂಡಿಗೆ ಇಳಿದರೆ ಮೂರು ಮೇಲೆ, ಮೂರು ಕೆಳಗೆ. ಹೀಗೆ ಊರುವ ಕಾಲವೊಂದನ್ನು ಮೊಟಕುಮಾಡುತ್ತ ಹೋದರೆ ಒಂದು ನಡಿಗೆ ಮತ್ತೊಂದಾಗಿ ತಾನಾಗಿಯೇ ಮಾರ್ಪಡುವುದು.

೧೯೬೬ರಲ್ಲಿ ಅಮೆರಿಕದ ಡೊನಾಲ್ಡ್ ವಿಲ್ಸನ್ ಎಂಬ ವಿಜ್ಞಾನಿ ಕೀಟಗಳ ನಡಿಗೆಗಳನ್ನೆಲ್ಲ ಪರಿಶೀಲಿಸಿ ಎರಡು ಸರಳ ನಿಯಮಗಳನ್ನು ಮುಂದಿಟ್ಟನು. ಒಂದು: ಹಿಂದಿನ ಕಾಲು ನೆಲವನ್ನು ಊರಿ ಆಧಾರ ಕೊಡುವವರೆಗೆ ಅದರ ಮುಂದಿನ ಕಾಲು ಮೇಲೇಳುವುದಿಲ್ಲ. ಎರಡು: ಒಂದೇ ಖಂಡದ ಎಡ ಬಲ ಕಾಲುಗಳು ಒಂದಾದ ಮೇಲೊಂದರಂತೆ ಏಳುವುವು. ಮೊದಲನೆಯ ನಿಯಮದಿಂದ ಕಾಲುಗಳ ಎತ್ತುವಿಕೆ ಒಂದು ಅಲೆಯಂತೆ ಹಿಂದಿನಿಂದ ಮುಂದಕ್ಕೆ ಹರಿಯುವುದು. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಹರಿದಾಡುವ ಸಹಸ್ರಪದಿಯ ಕಾಲುಗಳಲ್ಲಿ ಇಂಥ ಅಲೆ ಬರಿಗಣ್ಣಿಗೇ ಕಾಣುವುದು. ರೇಷ್ಮೆ ಹುಳುವಿಗೆ ಎದೆಯ ಮೂರು ಜೊತೆ ನಿಜವಾದ ಕಾಲುಗಳಲ್ಲದೆ ಹೊಟ್ಟೆಯಲ್ಲಿ ಐದು ಜೊತೆ ಮೆತ್ತನೆಯ ಉಪಪಾದಗಳುಂಟು. ಅದು ತಟ್ಟೆಯಲ್ಲಿ ಹರಿಯುವಾಗಲೂ ಅಲೆ ಬಾಲದ ಕಡೆಯಿಂದ ತಲೆಯ ಕಡೆಗೇ ಬರುವುದು.

ನಡುಗಾಲುಗಳನ್ನು ಕಳೆದುಕೊಂಡ ಕೀಟ

ಈಗ ಒಂದು ಕಠಿಣವಾದ ಪ್ರಶ್ನೆ. ಮೂರು ಮೂರರ ಈ ತಂಡಗಳು ಕೀಟದ ನರಮಂಡಲದಲ್ಲಿ ಗಡಿಯಾರದ ಗಾಲಿಗಳಂತೆ ಶಾಶ್ವತವಾಗಿ ಜೋಡಿಸಿದವುಗಳೇ? ಹಾಗಿದ್ದ ಪಕ್ಷದಲ್ಲಿ ಎರಡು ನಡುಗಾಲುಗಳನ್ನೂ ಕಳೆದುಕೊಂಡ ಕೀಟದ ಗತಿಯೇನಾಗಬೇಕು? ಮೊದಲ ತಂಡದಲ್ಲಿ ಉಳಿಯುವುವು ಎಡಗಡೆಯ ಮುಂಗಾಲು ಮತ್ತು ಹಿಂಗಾಲು. ಇವೆರಡೂ ಒಟ್ಟಿಗೆ ಎದ್ದರೆ ಎಡಗಡೆಗೆ ಆಧಾರವೇ ಇಲ್ಲದೆ ಕೀಟ ಮಗುಚಿ ಬೀಳಬೇಕು.

ಜರ್ಮನಿಯ ಫಾನ್ ಬುಡೆನ್‌ಬ್ರಾಕ್ ಎಂಬ ಪ್ರಾಣಿವಿಜ್ಞಾನಿ ೧೯೨೧ರಲ್ಲಿ ಕಡ್ಡಿಹುಳುವಿನಲ್ಲಿ ಇದನ್ನು ಪರೀಕ್ಷಿಸಿದನು. ಕೀಟ ಬೀಳಲಿಲ್ಲ. ಉಳಿದ ನಾಲ್ಕು ಕಾಲುಗಳು ಕೂಡಲೆ ಬೇರೊಂದು ಕ್ರಮವನ್ನು ಹಿಡಿದುವು. ಎಡ ಮುಂಗಾಲಿನೊಡನೆ ಬಲ ಹಿಂಗಾಲು, ಬಲ ಮುಂಗಾಲಿನೊಡನೆ ಎಡ ಹಿಂಗಾಲು. ಎಂದರೆ ನಾಲ್ಕು ಕಾಲಿನ ಪ್ರಾಣಿಯೊಂದು ಹೆಜ್ಜೆಯೋಟದಲ್ಲಿ ಹೋಗುವಂತೆ. ಆಮೇಲೆ ಇಂಗ್ಲೆಂಡಿನ ಹ್ಯೂಸ್ ೧೯೫೦ರ ದಶಕದಲ್ಲಿ ಜಿರಲೆಗಳ ನಡಿಗೆಯನ್ನು ವಿವರವಾಗಿ ಅಭ್ಯಾಸ ಮಾಡಿದಾಗಲೂ ಇಂಥ ಮಾರ್ಪಾಡೇ ಕಂಡುಬಂದಿತು. ಕೀಟಕ್ಕೆ ಇದನ್ನು ಕಲಿಯಲು ಅಭ್ಯಾಸದ ಕಾಲವೇ ಬೇಕಾಗಲಿಲ್ಲವೆಂಬುದು ಗಮನಾರ್ಹ. ಹಕ್ಕಿಯ ಕೊಕ್ಕಿಗೆ ಒಂದು ಕಾಲನ್ನು ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುವ ಮಿಡತೆಗೂ ಕಡ್ಡಿಹುಳುವಿಗೂ ಈ ಶಕ್ತಿ ಜೀವನ್ಮರಣದ ವಿಷಯ.

ಇದರಿಂದ ತಿಳಿದುಬಂದುದೇನು? ತಂಡಗಳು ಮೊದಲೇ ಕಟ್ಟಿಟ್ಟವುಗಳಲ್ಲ. ಕಾಲುಗಳು ಪ್ರತಿ ಹೆಜ್ಜೆಯಲ್ಲಿಯೂ ಒಂದನ್ನೊಂದು ವಿಚಾರಿಸಿಕೊಂಡು ನಡೆಯುವುವು. ಮುಕ್ಕಾಲಿಯ ನಡಿಗೆ ಆ ವಿಚಾರಣೆಯ ಫಲ.

ಅಪ್ಪಣೆ ಎಲ್ಲಿಂದ?

ನಡಿಗೆಯ ಆಡಳಿತ ಮಿದುಳಿನದೇ ಎಂಬ ಊಹೆಯನ್ನು ೧೯೩೭ರಲ್ಲಿ ಅಮೆರಿಕದ ಕೆನೆತ್ ರೋಡರ್ ಪರೀಕ್ಷೆಗೆ ಒಡ್ಡಿದನು. ಆತ ಆರಿಸಿಕೊಂಡುದು ನಮ್ಮ ಬೇಲಿಗಳಲ್ಲಿ ಕೈಮುಗಿದು ಕುಳಿತಿರುವಂತೆ ಕಾಣುವ ಸೂರ್ಯನಕುದುರೆಯ ಜಾತಿಯ ಕೀಟವನ್ನು. ಮಿದುಳನ್ನು ತೆಗೆದುಹಾಕಿದರೆ ನಡಿಗೆ ನಿಲ್ಲಬೇಕಷ್ಟೆ? ಆದುದು ವಿಪರೀತ. ಗಂಟೆಗಟ್ಟಲೆ ಅಲುಗದೆ ಹೊಂಚುಹಾಕುವ ಕೀಟ ಬಿಡುವಿಲ್ಲದೆ ನಡೆಯತೊಡಗಿತು. ನಡಿಗೆಯನ್ನು ಹುಟ್ಟಿಸುವ ಯಂತ್ರ ಎದೆಯಲ್ಲಿಯೇ ಇದೆ. ಮಿದುಳಿನ ಒಂದು ಮುಖ್ಯ ಕೆಲಸ ಅದನ್ನು ಹಿಡಿದಿಡುವುದು ಎಂದು ಇದರಿಂದ ಸಿದ್ಧವಾಯಿತು.

ಎದೆಯ ಮೂರು ಖಂಡಗಳಲ್ಲಿ ಮೂರು ನರಗ್ರಂಥಿಗಳಿವೆ. ಪ್ರತಿಯೊಂದು ಗ್ರಂಥಿಯೂ ತನ್ನ ಖಂಡದ ಎರಡು ಕಾಲುಗಳನ್ನು ನೋಡಿಕೊಳ್ಳುವುದು. ಕಡ್ಡಿಹುಳುವಿನ ಗ್ರಂಥಿಯನ್ನು ಕಾಲುಗಳಿಂದ ಬೇರ್ಪಡಿಸಿ ಪೈಲೊಕಾರ್ಪಿನ್ ಎಂಬ ಔಷಧವನ್ನು ಹಾಕಿದರೆ ಅಲ್ಲಿನ ಚಾಲಕ ನರಗಳಲ್ಲಿ ಏರಿಳಿತದ ತಾಳ ಕಾಣಿಸಿಕೊಳ್ಳುವುದೆಂದು ಜರ್ಮನಿಯ ಬ್ಯೂಶ್‌ಗೆಸ್ ಮತ್ತು ಸಂಗಡಿಗರು ೧೯೯೫ರಲ್ಲಿ ತೋರಿಸಿದರು. ಕಾಲಿನ ಒಂದೊಂದು ಮುಖ್ಯ ಕೀಲಿಗೂ ತನ್ನದೇ ಆದ ತಾಳವುಂಟು. ಆದರೆ ಕಾಲುಗಳಿಂದ ಬರುವ ಸುದ್ದಿ ಕಡಿದುಹೋದಾಗ ಈ ತಾಳಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಳ್ಳುವುದಿಲ್ಲ. ಮೃದಂಗದವನೂ ಘಟದವನೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ನುಡಿಸಿದಂತೆ. ಮೇಳ ಕೂಡಬೇಕಾದರೆ ಒಬ್ಬನದು ಇನ್ನೊಬ್ಬನಿಗೆ ಕೇಳಿಸಬೇಕು.

ಕಾಲಿನ ಸುದ್ದಿಯನ್ನು ತರುವ ಇಂದ್ರಿಯಗಳು ಹಲವು. ಕೀಲುಗಳ ಬಳಿ ಇರುವ ರೋಮಗಳ ಗುಂಪು ಕೀಲು ಎಷ್ಟು ಮಡಿದಿದೆಯೆಂಬುದನ್ನು ತಿಳಿಸುವುದು. ಕವಚದಲ್ಲಿ ಹುದುಗಿರುವ, ಗುಮ್ಮಟದ ಆಕಾರದ ಅತಿಸೂಕ್ಷ್ಮವಾದ ಇಂದ್ರಿಯಗಳು ಕವಚ ಎಷ್ಟು ಬಾಗುತ್ತಿದೆಯೆಂಬುದನ್ನು, ಎಂದರೆ ಕಾಲಿನ ಮೇಲೆ ಎಷ್ಟು ಹೊರೆ ಬಿದ್ದಿದೆಯೆಂಬುದನ್ನು, ತಿಳಿಸುವುವು. ಹೊರೆಯಿರುವವರೆಗೆ ಕಾಲು ಮೇಲೇಳುವುದಿಲ್ಲ. ಹೊರೆ ಇಳಿದೊಡನೆ ಏಳಲು ಸಿದ್ಧವಾಗುವುದು.

ದಕ್ಷಿಣದ ಬೆಟ್ಟಗಳಿಂದ ಹೋದ ಕೀಟ

ಮೇಲೆ ಮತ್ತೆ ಮತ್ತೆ ಹೆಸರು ಬಂದ ಕಡ್ಡಿಹುಳು ನಮಗೆ ಹೊರಗಿನದಲ್ಲ. ಯೂರೋಪಿನ ಪ್ರಯೋಗಶಾಲೆಗಳಲ್ಲಿ ನೂರು ವರ್ಷಗಳಿಂದ ಸಾಕಿಕೊಂಡು ಬಂದಿರುವ ಕರಾಸಿಯಸ್ ಮೊರೋಸಸ್ ಎಂಬ ಜಾತಿಯ ತವರು ತಮಿಳುನಾಡಿನ ಬೆಟ್ಟದ ನಾಡು. ೧೯೦೧ರಲ್ಲಿ ವಿಜ್ಞಾನ ಇದಕ್ಕೆ ಹೆಸರಿಟ್ಟಿತು. ಗಂಡಿನ ಸಂಪರ್ಕವಿಲ್ಲದೆಯೇ ಹೆಣ್ಣು ಮೊಟ್ಟೆಯಿಟ್ಟು ಸಂತಾನವನ್ನು ಬೆಳೆಸುವುದರಿಂದ ಇದನ್ನು ಸಾಕುವುದು ಸುಲಭ. ನಿಧಾನವಾಗಿ ನಡೆಯುವುದರಿಂದ ಅಭ್ಯಾಸಕ್ಕೂ ಅನುಕೂಲ. ಕೀಟದ ನಡಿಗೆಯ ಬಗೆಗೆ ಜಗತ್ತಿಗೆ ಇಂದು ತಿಳಿದಿರುವುದರಲ್ಲಿ ದೊಡ್ಡದೊಂದು ಪಾಲು ಈ ದಕ್ಷಿಣ ಭಾರತದ ಕೀಟದಿಂದ ಬಂದುದು.

ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದ ಹೋಲ್ಕ್ ಕ್ರೂಸೆ ಈ ಕೀಟದ ಕಾಲುಗಳು ಪರಸ್ಪರ ಕೊಟ್ಟುಕೊಳ್ಳುವ ಸಂದೇಶಗಳನ್ನು ೧೯೯೦ರಲ್ಲಿ ನಿಯಮಗಳ ರೂಪದಲ್ಲಿ ಸಂಗ್ರಹಿಸಿದನು. ಅವುಗಳಲ್ಲಿ ಮುಖ್ಯವಾದ ಮೂರನ್ನು ಹೀಗೆ ಹೇಳಬಹುದು. ‘ನಾನು ಗಾಳಿಯಲ್ಲಿರುವೆನು, ನೀನು ಏಳಬೇಡ’ ಎಂದು ಹಿಂದಿನ ಕಾಲು ಮುಂದಿನದಕ್ಕೆ ಹೇಳುವುದು. ‘ನಾನು ನೆಲ ಮುಟ್ಟಿದೆನು, ನೀನು ಏಳಬಹುದು’ ಎಂದು ಅದೇ ಕಾಲು ಮತ್ತೆ ಹೇಳುವುದು. ‘ನಾನು ಹೆಜ್ಜೆಯ ಕೊನೆಗೆ ಬಂದಿರುವೆನು, ನೀನು ಬೇಗ ನಿನ್ನ ಹೆಜ್ಜೆಯನ್ನು ಮುಗಿಸು’ ಎಂದು ಮುಂದಿನ ಕಾಲು ಹಿಂದಿನದಕ್ಕೆ ಹೇಳುವುದು. ಇಷ್ಟೇ ನಿಯಮಗಳನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದರೊಳಗಿನ ಆರು ಕಾಲಿನ ಮಾದರಿ ಎಡವದೆ ನಡೆಯುವುದು. ನಿಯಮಗಳಲ್ಲಿ ಅಕ್ಕಪಕ್ಕದವರ ಮಾತು ಮಾತ್ರ ಇದೆ. ಎಲ್ಲ ಕಾಲುಗಳಿಗೂ ಒಡೆಯನಾದವನ ಅಪ್ಪಣೆ ಎಲ್ಲಿಯೂ ಇಲ್ಲ.

ಈ ಮಾತುಕತೆಯೆಲ್ಲವೂ ನರಗಳ ಮೂಲಕವೇ ಆಗಬೇಕಾಗಿಲ್ಲವೆಂಬುದು ೨೦೧೭ರಲ್ಲಿ ಅದೇ ವಿಶ್ವವಿದ್ಯಾನಿಲಯದ ಡಾಲ್‌ಮನ್ ಮತ್ತು ಸಂಗಡಿಗರ ಅಭ್ಯಾಸದಿಂದ ತಿಳಿಯಿತು. ಇದನ್ನು ಅರಿಯಲು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋಗೋಣ. ವೈರಮುಡಿಯ ರಾತ್ರಿ ಚೆಲುವನಾರಾಯಣನ ಉತ್ಸವ ಜನರ ಹೆಗಲ ಮೇಲೆ ಬೀದಿಯಲ್ಲಿ ಬರುವುದು. ಹೊತ್ತವನಿಗೆ ತನ್ನ ಹಿಂದಿನವನು ಕಾಣುವುದಿಲ್ಲ. ಜಯಘೋಷದಲ್ಲಿ ಮಾತೂ ಕೇಳುವುದಿಲ್ಲ. ಆದರೂ ಹಿಂದಿನವನು ಹೆಗಲು ಕೊಟ್ಟ ಕ್ಷಣದಲ್ಲಿಯೇ ಮುಂದಿನವನಿಗೆ ಅದು ಗೊತ್ತಾಗುವುದು, ಏಕೆಂದರೆ ಅವನ ಹೆಗಲ ಮೇಲಿನ ಭಾರ ಹಗುರಾಗುವುದು. ಕಡ್ಡಿಹುಳುವಿನಲ್ಲಿಯೂ ಹೀಗೆಯೇ. ಹಿಂಗಾಲು ನೆಲ ಮುಟ್ಟಿ ದೇಹದ ಭಾರವನ್ನು ಹೊತ್ತುಕೊಂಡೊಡನೆ ನಡುಗಾಲಿನ ಮೇಲಿನ ಹೊರೆ ಇಳಿಯುವುದು. ಅಲ್ಲಿನ ಗುಮ್ಮಟ ಇಂದ್ರಿಯಗಳು ಅದನ್ನು ಗುರುತಿಸುವುವು; ನಡುಗಾಲು ಏಳುವುದು. ದೇಹವೇ ತಂತಿ, ಹೊರೆಯೇ ಸುದ್ದಿ.

ಬೆಂಗಳೂರಿನಲ್ಲಿ ನಡೆದ ಶೋಧನೆ

ಕಾಲಿಗೂ ಕಾಲಿಗೂ ನಡುವಣ ಒಪ್ಪಂದವನ್ನು ಕುರಿತು ಇಷ್ಟಾಯಿತು. ಒಂದೇ ಕಾಲಿನ ಒಳಗೆ ಸ್ನಾಯುಗಳು ಹೊಂದಿಕೊಳ್ಳುವುದು ಹೇಗೆ? ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಕೆಲಸವೊಂದನ್ನು ಹೇಳಬೇಕು.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಮತ್ತು ಅವರ ಸಂಗಡಿಗರು ಹಣ್ಣಿನ ನೊಣದ ನಡಿಗೆಯನ್ನು ಅಭ್ಯಾಸಮಾಡಿ ೨೦೧೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ, ಸುಮಾರು ಮೂರು ಮಿಲಿಮೀಟರ್ ಉದ್ದದ ಈ ನೊಣದ ಒಂದು ಕಾಲಿಗೆ ಸುಮಾರು ೭೦ ಚಾಲಕ ನರಕೋಶಗಳಿವೆ. ನರಕೋಶಗಳಿಗೆ ‘ಎಳೆ’ ಎಂಬ ಪ್ರಚೋದನೆ ಬರುವಂತೆಯೇ ‘ಸುಮ್ಮನಿರು’ ಎಂಬ ತಡೆಯೂ ಬರುವುದು. ಈ ತಡೆಯನ್ನು ಹೊತ್ತು ತರುವ ರಾಸಾಯನಿಕದ ಹೆಸರು ಗ್ಯಾಬ. ಅದನ್ನು ಬರಮಾಡಿಕೊಳ್ಳಲು ನರಕೋಶದ ಮೈಯಲ್ಲಿ ಆರ್‌ಡಿಎಲ್ ಎಂಬ ಗ್ರಾಹಕವಿದೆ. ಬೀಗಕ್ಕೆ ಕೀಲಿಕೈಯಂತೆ ಗ್ಯಾಬ ಅದರಲ್ಲಿ ಕೂಡುವುದು. ಕೂಡಿದಾಗ ಕ್ಲೋರೈಡ್ ಅಯಾನುಗಳಿಗೆ ದಾರಿ ತೆರೆದು ನರಕೋಶ ಶಾಂತವಾಗುವುದು.

ಸಂಶೋಧಕರು ಆನುವಂಶಿಕ ಉಪಾಯದಿಂದ ಕಾಲಿನ ಚಾಲಕ ನರಕೋಶಗಳಲ್ಲಿ ಮಾತ್ರ ಈ ಗ್ರಾಹಕವನ್ನು ಕಡಿಮೆಮಾಡಿದರು. ಅನಂತರ ಆ ನೊಣಗಳನ್ನು ಸ್ವೇಚ್ಛೆಯಾಗಿ ನಡೆಯಲು ಬಿಟ್ಟು, ಅತಿವೇಗದ ಕ್ಯಾಮೆರಾದಿಂದ ಚಿತ್ರ ತೆಗೆದು, ಪ್ರತಿ ಹೆಜ್ಜೆಯನ್ನೂ ಗಣಕಯಂತ್ರದಿಂದ ಅಳೆದರು. ತಡೆ ಕಡಿಮೆಯಾದರೆ ಓಟ ಹೆಚ್ಚಬೇಕೆಂದು ನಾವು ಊಹಿಸಬಹುದು. ಕಡಿವಾಣವಿಲ್ಲದ ಕುದುರೆ ವೇಗವಾಗಿ ಓಡುವುದಿಲ್ಲವೆ? ಆದರೆ ಫಲ ಇದಕ್ಕೆ ವಿರುದ್ಧವಾಗಿತ್ತು. ನೊಣಗಳ ವೇಗ ಬಹಳವಾಗಿ ಕುಗ್ಗಿತು. ಹೆಜ್ಜೆಯ ಉದ್ದ ಕಡಿಮೆಯಾಯಿತು. ಕಾಲುಗಳ ಸಾಮಾನ್ಯ ಹೊಂದಾಣಿಕೆಯಾದರೋ ಕೆಡಲಿಲ್ಲ.

ಎದುರಾಳಿ ಸ್ನಾಯುಗಳನ್ನು ಕುರಿತು ಮೊದಲು ಹೇಳಿದ ಮಾತನ್ನು ಈಗ ನೆನೆದರೆ ಇದು ಅರ್ಥವಾಗುವುದು. ಚಾಚುವ ಸ್ನಾಯು ಎಳೆಯುವಾಗ ಮಡಿಸುವ ಸ್ನಾಯು ಬಿಡಬೇಕು. ‘ಬಿಡು’ ಎಂಬ ಆಜ್ಞೆ ದುರ್ಬಲವಾದರೆ ಎರಡೂ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇದ್ದು ಹೆಜ್ಜೆ ಗಿಡ್ಡಾಗುವುದು ಸಹಜ. ಎರಡು ಎತ್ತುಗಳು ಎರಡು ಕಡೆಗೆ ಎಳೆದರೆ ಗಾಡಿ ಮುಂದಕ್ಕೆ ಹೋಗುವುದೆ? ನಡೆಗೆ ತಡೆ ಅಡ್ಡಿಯಲ್ಲ. ತಡೆ ನಡೆಯದೇ ಒಂದು ಭಾಗ.

ಗ್ರಾಹಕದ ಹೆಸರಿನಲ್ಲಿರುವ ಕಥೆ

ಆರ್‌ಡಿಎಲ್ ಎಂಬ ಹೆಸರು ಬಂದುದು ‘ಡೀಲ್ಡ್ರಿನ್ ನಿರೋಧ’ ಎಂಬ ಅರ್ಥದ ಇಂಗ್ಲಿಷ್ ಮಾತುಗಳಿಂದ. ಡೀಲ್ಡ್ರಿನ್ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಲೋಕದಲ್ಲೆಲ್ಲ ಬಳಕೆಯಲ್ಲಿದ್ದ ಕೀಟನಾಶಕ. ಅದು ಕೀಟವನ್ನು ಕೊಲ್ಲುತ್ತಿದ್ದುದು ಇದೇ ಗ್ರಾಹಕದ ದಾರಿಯನ್ನು ಮುಚ್ಚಿ. ತಡೆಯೇ ಇಲ್ಲದಂತಾದ ನರಮಂಡಲದಲ್ಲಿ ಪ್ರಚೋದನೆ ಕೊನೆಯಿಲ್ಲದೆ ಏರುವುದು, ಕಾಲುಗಳು ನಡುಗುವುವು, ಸೆಟೆದುಕೊಳ್ಳುವುವು, ಕೀಟ ಮಗುಚಿ ಬಿದ್ದು ಸಾಯುವುದು. ಗ್ರಾಹಕದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದ ಕೀಟಗಳ ಮೇಲೆ ಈ ವಿಷ ಹತ್ತಲಿಲ್ಲ. ಅವು ಉಳಿದು ಸಂತಾನ ಬೆಳೆಸಿದುವು. ಆ ಬದಲಾವಣೆಯ ಜಾಡು ಹಿಡಿದು ಹೋದ ವಿಜ್ಞಾನಿಗಳಿಗೆ ಗ್ರಾಹಕದ ಜೀನ್ ಸಿಕ್ಕಿತು. ಹೆಸರೂ ಹಾಗೆಯೇ ನಿಂತಿತು.

ಗ್ಯಾಬ ಕೀಟಗಳಿಗೆ ಮಾತ್ರ ಮೀಸಲಾದ ವಸ್ತುವಲ್ಲ. ನಮ್ಮ ಮಿದುಳಿನಲ್ಲಿಯೂ ತಡೆಯ ಮುಖ್ಯ ದೂತ ಅದೇ. ಎಂಡೋಸಲ್ಫಾನ್ ಎಂಬ ವಿಷವೂ ಡೀಲ್ಡ್ರಿನ್ನಿನ ಜಾತಿಯದೇ. ಕೆಲಸ ಮಾಡುವುದೂ ಅದೇ ಸ್ಥಳದಲ್ಲಿ. ಕನ್ನಡ ಬಲ್ಲ ಜನರು ಬಹುವಾಗಿರುವ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಇದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಗುರಿ ಗೇರಿನ ಹೂವನ್ನು ಹೀರುವ ಒಂದು ತಿಗಣೆ. ಆದರೆ ತೋಟಗಳ ನಡುವೆ ಮನೆಗಳಿದ್ದುವು, ಬಾವಿಗಳಿದ್ದುವು, ಮಕ್ಕಳಿದ್ದರು. ಆ ಊರುಗಳ ಜನರ ಸಂಕಟ ದೇಶಕ್ಕೆಲ್ಲ ತಿಳಿದ ವಿಷಯ. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿನ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು.

ಭತ್ತ ಕಬ್ಬುಗಳ ಕೊರಕ ಹುಳುಗಳಿಗಾಗಿ ಅನಂತರ ಬಳಕೆಗೆ ಬಂದ ಫಿಪ್ರೋನಿಲ್ ಕೂಡ ಗ್ಯಾಬ ಗ್ರಾಹಕವನ್ನೇ ಮುಚ್ಚುವ ವಿಷ. ಅದು ಮನುಷ್ಯನ ಗ್ರಾಹಕಕ್ಕಿಂತ ಕೀಟದ ಗ್ರಾಹಕವನ್ನು ಹೆಚ್ಚು ಬಲವಾಗಿ ಹಿಡಿಯುವುದೆಂಬುದು ನಿಜ. ಆದರೆ ಕೊರಕ ಹುಳುವಿನ ಗ್ರಾಹಕಕ್ಕೂ ಜೇನುನೊಣದ ಗ್ರಾಹಕಕ್ಕೂ ಅದು ಭೇದವೆಣಿಸುವುದಿಲ್ಲ. ಜೇನುನೊಣಕ್ಕೆ ಅತಿ ಅಲ್ಪ ಪ್ರಮಾಣದಲ್ಲಿಯೂ ಅದು ಮಾರಕ. ಶ್ರೀರಂಗಪಟ್ಟಣ ಪಾಂಡವಪುರಗಳ ನಾಲೆಯ ನೀರಿನ ಹೊಲಗಳಲ್ಲಿ ಔಷಧದ ಡಬ್ಬಿಯನ್ನು ಬಿಚ್ಚುವ ಮನೆಗಳಿಂದಲೇ ಬರುವ ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು. ಯಾವ ವಿಷ ಯಾವ ಕೀಲಿಯನ್ನು ಮುಚ್ಚುವುದೆಂದು ಬಲ್ಲವನು ಎಷ್ಟು, ಯಾವಾಗ, ಎಲ್ಲಿ ಹಾಕಬೇಕೆಂಬುದನ್ನು ಯೋಚಿಸಿ ಹಾಕುವನು. ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಕೈಗವಸು ತೊಟ್ಟು ಹಾಕುವನು. ಜೇನು ಹಾರಾಡುವ ಹೂವಿನ ಕಾಲದಲ್ಲಿ ಹಾಕದೆ ಇರುವನು.

ನೀವೇ ನೋಡಿರಿ

ಕೀಟದ ನಡಿಗೆಯನ್ನು ನೋಡಲು ದೊಡ್ಡ ಪ್ರಯೋಗಶಾಲೆ ಬ���ಕಿಲ್ಲ. ಒಂದು ಗಾಜಿನ ಹಲಗೆಯ ಮೇಲೆ ಜರಡಿ ಹಿಡಿದ ಬೂದಿಯನ್ನು ಅತಿ ತೆಳುವಾಗಿ ಹರಡಿ, ಅದರ ಮೇಲೆ ಗಟ್ಟಿ ಕವಚದ ದುಂಬಿಯೊಂದನ್ನು ಬಿಡಿರಿ. ಅದು ದಾಟಿದ ಮೇಲೆ ಉಳಿಯುವ ಗುರುತುಗಳನ್ನು ಮೂರು ಮೂರಾಗಿ ಗೆರೆ ಎಳೆದು ಸೇರಿಸಿದರೆ ಒಂದರ ಮುಂದೊಂದು ತ್ರಿಕೋನಗಳು ಮೂಡುವುವು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿದ ತ್ರಿಕೋನಗಳನ್ನು ನೀವು ಅಲ್ಲಿ ಕಾಣುವಿರಿ.

ನಿಧಾನಗತಿಯ ಚಿತ್ರ ತೆಗೆಯುವ ಮೊಬೈಲ್ ಫೋನ್ ಮನೆಯಲ್ಲಿದ್ದರೆ ಇನ್ನೂ ಹೆಚ್ಚನ್ನು ಅಳೆಯಬಹುದು. ಒಂದು ಸೆಕೆಂಡಿಗೆ ಎಂಟು ಹೆಜ್ಜೆ ಇಡುವ ಕೀಟವನ್ನು ಸೆಕೆಂಡಿಗೆ ೩೦ ಚಿತ್ರಗಳ ಸಾಮಾನ್ಯ ಕ್ರಮದಲ್ಲಿ ತೆಗೆದರೆ ಒಂದು ಹೆಜ್ಜೆಗೆ ನಾಲ್ಕು ಚಿತ್ರಗಳೂ ಸಿಗುವುದಿಲ್ಲ. ಸೆಕೆಂಡಿಗೆ ೨೪೦ ಚಿತ್ರಗಳಾದರೆ ಒಂದು ಹೆಜ್ಜೆಗೆ ೩೦ ಚಿತ್ರಗಳು ಸಿಗುವುವು. ಪ್ರತಿ ಚಿತ್ರದಲ್ಲಿಯೂ ಯಾವ ಯಾವ ಕಾಲು ನೆಲ ಮುಟ್ಟಿದೆಯೆಂದು ಆರು ಸಾಲುಗಳ ಪಟ್ಟಿಯಲ್ಲಿ ಗುರುತು ಮಾಡಿರಿ. ಕೀಟ ನಿಧಾನವಾಗಿ ನಡೆದಾಗ ಒಂದು ಪಟ್ಟಿ, ಓಡಿದಾಗ ಒಂದು ಪಟ್ಟಿ ತಯಾರಿಸಿದರೆ ಊರುವ ಕಾಲ ಕುಗ್ಗುವುದೂ ಬೀಸುವ ಕಾಲ ಹೆಚ್ಚು ಬದಲಾಗದೆ ಇರುವುದೂ ನಿಮ್ಮ ಅಂಕಿಗಳಲ್ಲಿಯೇ ಕಾಣಬೇಕು. ಕೀಟದ ಕಾಲನ್ನು ಕೀಳುವ ಅಗತ್ಯವೇನೂ ಇಲ್ಲ. ಹಕ್ಕಿಯಿಂದಲೋ ಬೆಕ್ಕಿನಿಂದಲೋ ತಪ್ಪಿಸಿಕೊಂಡು ಐದು ಕಾಲಿನಲ್ಲಿ ನಡೆಯುವ ಮಿಡತೆ ಹುಲ್ಲಿನಲ್ಲಿ ಹುಡುಕಿದರೆ ಸಿಕ್ಕೇ ಸಿಗುವುದು. ಅದರ ಪಟ್ಟಿಯನ್ನೂ ತಯಾರಿಸಿ ಆರು ಕಾಲಿನದರ ಜೊತೆಯಲ್ಲಿ ಇಟ್ಟು ನೋಡಿರಿ.

ನಾಗಮಂಗಲದ ದಾರಿಯಲ್ಲಿ ನಾವು ಬಿಟ್ಟುಬಂದ ಸಗಣಿಹುಳು ಈ ವೇಳೆಗೆ ಕಲ್ಲೊಂದನ್ನು ಹತ್ತಿ ಇಳಿದಿರಬಹುದು. ಉಂಡೆ ಉರುಳಿದಂತೆಲ್ಲ ಅದರ ಒಂದೊಂದು ಕಾಲಿನ ಮೇಲಿನ ಹೊರೆಯೂ ಬದಲಾಗುವುದು. ಒಂದೊಂದು ಕಾಲೂ ಪಕ್ಕದ ಕಾಲಿನ ಸ್ಥಿತಿಯನ್ನು ಅರಿತು ಏಳುವುದು ಅಥವಾ ನಿಲ್ಲುವುದು. ಒಂದೊಂದು ಸ್ನಾಯುವೂ ತನ್ನ ಎದುರಾಳಿಗೆ ಎಡೆಗೊಟ್ಟು ಸಡಿಲುವುದು. ಮುಂದಿನ ಮಳೆಯ ಮರುದಿನ ಅದನ್ನು ಕಂಡಾಗ ಓದುಗರು ಕ್ಷಣಕಾಲ ನಿಂತು ಅದರ ಹೆಜ್ಜೆಗಳನ್ನು ಎಣಿಸಲಿ.